ಕಾರಿನ ಬೆನ್ನಿಗೆ ಬಣ್ಣ ಹಚ್ಚುವ ಜಾಗ

…ಅಥವಾ ಆ ಕಾರು ಹಸಿರಾಗಿರಲೇ ಇಲ್ಲವೇನೋ. ನನ್ನ ತಲೆಯೊಳಗೆ ಅದು ಈಗಲೂ ಗಿಳಿಹಸಿರು, ಬಾಗಿಲ ಕೆಳಗೆ ಒಂದು ಹಳದಿ ಪಟ್ಟಿ. ಮೊನ್ನೆ ಫೋನಿನಲ್ಲಿ ಗೆಳತಿ ನಕ್ಕುಬಿಟ್ಟಳು. "ಹಸಿರೆಲ್ಲಿತ್ತೇ? ನಮ್ ಅಬ್ಬಾ ಬೂದಿ ಮೇಲೆ ಹೊಡ್ದಿದ್ದೇ ಕೆಂಪು. ನೀ ಹೇಳೋ ಹಸಿರು ನಮ್ ಶೆಡ್ಡಿನ ಬಾಗ್ಲುದು ಕಣೇ." ಅಬ್ಬಾ ಎಂದರೆ ಅವಳ ಅಪ್ಪ, ಶೆಡ್ಡು ಅವರು ಕೆಲಸ ಮಾಡುತ್ತಿದ್ದ ಜಾಗ. ಇರಬಹುದು. ಶೆಡ್ಡಿಗೆ ನಾನು ಹೋದದ್ದು ಒಂದೇ ಸಲ, ಕಂಪ್ಯೂಟರ್ ಆಟದ ಆ ಕಾರನ್ನು ನೋಡಿದ್ದು ನೂರಾರು ಸಲ. ಆದರೂ ಬಾಗಿಲು ಗೆದ್ದು ಕಾರು ಸೋತಿದೆ. ನೆನಪು ಯಾವ ನ್ಯಾಯದಲ್ಲಿ ಬಣ್ಣ ಹಂಚುತ್ತದೆಯೋ!

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಕೆಲವು ಇಬ್ಬರೂ ಒಪ್ಪಿದ್ದು, ಕೆಲವು ನನ್ನೊಬ್ಬಳದು. ಎಲ್ಲಿ ಯಾವುದು ಎಂದು ಸಾಧ್ಯವಾದಲ್ಲಿ ಹೇಳುತ್ತೇನೆ. ಒಂದು ಜಾಗದಲ್ಲಿ ಅದೂ ಆಗುವುದಿಲ್ಲ.

ಇಬ್ಬರೂ ಒಪ್ಪಿದ್ದು: ಎರಡು ಸಾವಿರದ ಐದೋ ಆರೋ ಇರಬೇಕು, ನಾವಿಬ್ಬರೂ ಚಾಮರಾಜನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆವು. ನಾನು ಹರವೆಯ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಅವಳು ಗುಂಡ್ಲುಪೇಟೆಯಿಂದ. ಏಳು ಕಂಪ್ಯೂಟರು, ಅದರಲ್ಲಿ ಐದು ಕೆಲಸ ಮಾಡುತ್ತಿದ್ದವು, ಒಂದು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆ ಒಂದರಲ್ಲಿ ಯಾರೋ ಕಾರು ರೇಸಿನ ಆಟ ಹಾಕಿಟ್ಟಿದ್ದರು. ಭಾನುವಾರ ಬೆಳಿಗ್ಗೆ ವೈರಸ್ ತೆಗೆಯಿರಿ ಎಂದು ಮಾಲೀಕರು ನಮಗೆ ಬೀಗದಕೈ ಕೊಡುತ್ತಿದ್ದರು. ವೈರಸ್ ತೆಗೆಯುವ ಕೆಲಸ ಅದರ ಪಾಡಿಗೆ ಓಡುತ್ತಿದ್ದರೆ ನಾವು ಕಾರು ಓಡಿಸುತ್ತಿದ್ದೆವು.

ನಾನು ಓಡಿಸುವುದರಲ್ಲಿ ಮಹಾ ದಡ್ಡಿ. ಆಟದ ಊರಿನಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಕ್ಕೆ ಓಡುತ್ತಿದ್ದವು, ನಾನು ಹುಟ್ಟಿನಿಂದ ಬಂದ ಅಭ್ಯಾಸಕ್ಕೆ ಎಡಕ್ಕೇ ಸರಿಯುತ್ತಿದ್ದೆ, ಎದುರಿನಿಂದ ಬಂದವರಿಗೆಲ್ಲ ಗುದ್ದುತ್ತಿದ್ದೆ. ರೇಸು ನಮಗೆ ಒಂದು ನೆಪ. ನಮ್ಮಿಬ್ಬರಿಗೂ ಇಷ್ಟವಾಗಿದ್ದು ರೇಸಿಗೆ ಮೊದಲಿನ ಗ್ಯಾರೇಜು. ಅಲ್ಲಿ ಕಾರು ಒಂದು ತಿರುಗುವ ಕಟ್ಟೆಯ ಮೇಲೆ ನಿಂತಿರುತ್ತಿತ್ತು. ಚಕ್ರದ ಲೋಹದ ಬಿಲ್ಲೆಗಳನ್ನೇ ಎಷ್ಟು ಥರ ಕೊಟ್ಟಿದ್ದರೋ, ನೋಡಿ ಮುಗಿಯುತ್ತಿರಲಿಲ್ಲ. ಹೊಗೆ ಕೊಳವೆ, ಬಾನೆಟ್ಟು, ಹಿಂದೆ ರೆಕ್ಕೆಯಂಥ ಸ್ಪಾಯ್ಲರು, ಕಾರಿನ ಹೊಟ್ಟೆಯಡಿ ಹೊಳೆಯುವ ನೀಲಿ ದೀಪ. ಆಮೇಲೆ ಬಣ್ಣ. ಬಣ್ಣದ ಮೇಲೆ ಅಂಟಿಸಲು ಗೆರೆ, ವೃತ್ತ, ತ್ರಿಕೋನ, ಬೆಂಕಿಯ ನಾಲಿಗೆ. ಅವನ್ನು ಹಿಗ್ಗಿಸಬಹುದು, ತಿರುಗಿಸಬಹುದು, ಒಂದರ ಮೇಲೊಂದು ಹೇರಬಹುದು. ಇದನ್ನು ನೋಡಿಯೇ ಗೆಳತಿಗೆ ಅವಳ ಅಪ್ಪನ ಯೋಚನೆ ಬಂದದ್ದು.

ಅವರು ಗುಂಡ್ಲುಪೇಟೆಯಲ್ಲಿ ಲಾರಿ ಪೇಂಟರು. ಈರುಳ್ಳಿ, ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗುವ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಹುಡುಗನಾಗಿದ್ದಾಗಿನಿಂದ ಕೆಲಸ. ಕನ್ನಡ, ತಮಿಳು, ಮಲಯಾಳ ಮೂರರಲ್ಲೂ ಅಕ್ಷರ ಬರೆಯುತ್ತಿದ್ದರು. ಮಲಯಾಳ ಓದಲು ಬರುತ್ತಿರಲಿಲ್ಲ. "ಓದಕ್ ಬಂದ್ರೆ ಕೈ ನಡುಗ್ತದೆ ಕಣಮ್ಮಿ, ಬರ್ದೇ ಇದ್ರೆ ಬರೀ ಚಿತ್ರ," ಅನ್ನುತ್ತಿದ್ದರು. ಆದರೆ ಡ್ರೈವರುಗಳು ಅವರನ್ನು ಹುಡುಕಿಕೊಂಡು ಬರುತ್ತಿದ್ದದ್ದು ಲಾರಿಯ ಹಿಂದಿನ ಹಲಗೆಗೆ. ಎರಡು ಬೆಟ್ಟ, ನಡುವೆ ರಸ್ತೆ, ಆ ರಸ್ತೆಯಲ್ಲಿ ನಮಗೆ ಬೆನ್ನು ತೋರಿಸಿ ಹೋಗುತ್ತಿರುವ ಒಂದು ಪುಟ್ಟ ಲಾರಿ. ಆ ಪುಟ್ಟ ಲಾರಿಯ ಹಿಂದಿನ ಹಲಗೆಯ ಮೇಲೂ ಒಂದೆರಡು ಚುಕ್ಕೆ ಇಡುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಅವೂ ಬೆಟ್ಟಗಳೇ.

ಆ ವರ್ಷ ಅವರ ಎದೆ ಕೆಟ್ಟಿತ್ತು. ಸ್ಪ್ರೇ, ಥಿನ್ನರಿನ ಆವಿ ಶ್ವಾಸಕೋಶಕ್ಕೆ ಇಳಿದಿದೆ, ಇನ್ನು ಶೆಡ್ಡಿನ ಕಡೆಗೇ ಹೋಗಬಾರದು ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಅವರು ಹೂಂ ಅಂದಿದ್ದರು. ಆಮೇಲೆ ಸುಮ್ಮನೆ ಕೂತು ಬರುತ್ತೇನೆ ಎಂದು ದಿನವೂ ಹೋಗಿ ಉಗುರಿನ ಸಂದಿಯಲ್ಲಿ ಬಣ್ಣ ಇಟ್ಟುಕೊಂಡು ಬರುತ್ತಿದ್ದರು. ಗೆಳತಿ ಬಸ್ಸಿನಿಂದ ಇಳಿದವಳೇ ನನ್ನೆದುರು ಕೂತು ಅತ್ತಿದ್ದಾಳೆ. ಅಪ್ಪ ಶೆಡ್ಡಿಗೆ ಹೋಗದ ಹಾಗೆ ಮಾಡಬೇಕು. ಅವಳ ತಲೆಯಲ್ಲಿ ಆಗ ಇದ್ದದ್ದು ಇದೊಂದೇ. "ವಾಸನೆ ಇಲ್ದಿರೋ ಪೇಂಟು ಇಲ್ಲೇ ಇದ್ಯಲ್ಲೇ," ಎಂದಳು ಒಂದು ಭಾನುವಾರ ಗ್ಯಾರೇಜಿನ ಕಾರನ್ನು ತಿರುಗಿಸುತ್ತ. ಮುಂದಿನ ಭಾನುವಾರ ತೆರಕಣಾಂಬಿ ಮೇಲೆ ಬರುವ ಬಸ್ಸಿನಲ್ಲಿ ಅಪ್ಪನನ್ನು ಕರೆದುಕೊಂಡೇ ಬಂದಳು. ನಾನು ಅವರನ್ನು ಚಾಚಾ ಎಂದು ಕರೆಯುತ್ತಿದ್ದೆ.

ಚಾಚಾ ಚಪ್ಪಲಿ ಹೊರಗೆ ಬಿಟ್ಟು ಒಳಬಂದರು. ಪರದೆಯ ಮೇಲಿನ ಕಾರನ್ನು ಬಹಳ ಹೊತ್ತು ನೋಡಿದರು.

"ಇದ್ಯಾರ್ ಗಾಡಿ?"

"ನಮ್ದೇ ಚಾಚಾ. ನಿಮ್ಗೆ ಹೆಂಗ್ ಬೇಕೋ ಹಂಗೆ ಪೇಂಟ್ ಮಾಡಿ."

"ಓನರ್ ಇಲ್ದಿರೋ ಗಾಡಿಗೆ ಎಂಗ್ ಪೇಂಟ್ ಮಾಡದು? ಅವನ್ಗೆ ಏನ್ ಇಷ್ಟ ಅಂತ ಕೇಳ್ಬೇಕಲ್ಲ."

"ಓನರ್ ನಾನೇ ಅಂದ್ಕೊಳಿ."

"ನಿಂಗೇನ್ ಇಷ್ಟ?"

ಇಲ್ಲಿ ನಾನು ಹಸಿರು ಅಂದೆ ಎಂದು ನನ್ನ ನೆನಪು. ಅವಳ ಪ್ರಕಾರ ನಾನು ಹಲ್ಲು ಕಿರಿದೆ, ಅಷ್ಟೇ. ಇರಲಿ. ಚಾಚಾ ಮೊದಲು ಇಡೀ ಕಾರಿಗೆ ಬೂದಿ ಬಣ್ಣ ಹೊಡೆಸಿದರು. ಇದು ಇಬ್ಬರಿಗೂ ನೆನಪಿದೆ. ಮೌಸ್ ಹಿಡಿದವಳು ಮಗಳು.

"ಅಬ್ಬಾ, ಬೂದಿ ಯಾಕೆ? ನೇರವಾಗಿ ಬೇಕಾದ ಬಣ್ಣ ಹಾಕ್ಬೋದು."

"ಕೆಳ್ಗೆ ಪ್ರೈಮರ್ ಬೀಳ್ದೆ ಮೇಲಿನ್ ಬಣ್ಣ ನಿಲ್ಲಲ್ಲ. ಸುಮ್ಕೆ ಹೊಡಿ."

ಹೊಡೆದಳು. ಆಮೇಲೆ ಮುಂದಿನ ಬಣ್ಣಕ್ಕೆ ಕೈ ಹಾಕಿದಾಗ ಚಾಚಾ ತಡೆದರು. ಒಣಗಲಿ ಎಂದರು. ನಾವಿಬ್ಬರೂ ನಗಲಿಲ್ಲ, ಅಷ್ಟು ಸಹಜವಾಗಿ ಹೇಳಿದ್ದರು. ಎದ್ದು ಹೊರಗೆ ಹೋಗಿ ಎದುರಿನ ಅಂಗಡಿಯಲ್ಲಿ ಟೀ ಕುಡಿದು ಬಂದರು. ಅಷ್ಟರಲ್ಲಿ ಕರೆಂಟು ಹೋಗಿತ್ತು, ಬೂದಿ ಬಣ್ಣವೂ ಹೋಗಿತ್ತು, ಉಳಿಸಿಡುವ ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ಮಗಳು ತಲೆ ಚಚ್ಚಿಕೊಂಡಳು. ಚಾಚಾಗೆ ಏನೂ ಅನ್ನಿಸಲಿಲ್ಲ. "ಮೊದಲ್ನೇ ಕೋಟು ತಾನೆ. ಓದ್ರೆ ಓಗ್ಲಿ ಬುಡು, ಇನ್ನೊಂದ್ ಹೊಡ್ಯನ."

ಅದಾದ ಮೇಲೆ ಪ್ರತಿ ಭಾನುವಾರವೂ ಅವರು ಬಂದರು. ಒಂದು ಕೋಟು, ಒಂದು ಟೀ, ಇನ್ನೊಂದು ಕೋಟು. ಕೊನೆಗೆ ಮೌಸನ್ನೂ ತಾವೇ ಹಿಡಿದರು. ಕುಂಚ ಹಿಡಿಯುವ ಹಾಗೆ ಬೆರಳ ತುದಿಯಲ್ಲಿ ಹಿಡಿಯುತ್ತಿದ್ದರು, ಅಂಗೈ ಮೇಜಿಗೆ ತಾಗುತ್ತಿರಲಿಲ್ಲ. ತ್ರಿಕೋನವನ್ನು ಹಿಗ್ಗಿಸಿ ಬಗ್ಗಿಸಿ ಬಾಗಿಲ ಮೇಲೆ ಒಂದು ಹೂಬಳ್ಳಿ ಮಾಡಿದ್ದು ನೋಡಿ ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಆದರೆ ತಕರಾರೂ ಅವತ್ತೇ ಶುರುವಾಯಿತು. ಎಡಗಡೆ ಏನು ಹಾಕಿದರೂ ಬಲಗಡೆ ತಾನಾಗಿಯೇ ಅದೇ ಬೀಳುತ್ತಿತ್ತು.

"ಇದ್ಯಾಕಮ್ಮಿ, ಎರಡ್ ಕಡೀಕೂ ಒಂದೇ?"

"ಅವ್ರು ಹಂಗೇ ಮಾಡವ್ರೆ ಚಾಚಾ. ಕೆಲ್ಸ ಕಮ್ಮಿ ಆಗ್ಲಿ ಅಂತ."

"ಯಾರ್ ಕೆಲ್ಸ? ರೋಡ್ ಪಕ್ಕ ನಿಂತೋನು ನೋಡದು ಎಡಗಡೆ. ಅವನ್ಗೆ ನಿಧಾನ್ಕೆ ನೋಡಕ್ ಟೈಮ್ ಇರ್ತದೆ, ಸಣ್ ಕೆಲ್ಸ ಮಾಡ್ಬೇಕು. ಓವರ್‌ಟೇಕ್ ಮಾಡೋನು ನೋಡದು ಬಲಗಡೆ. ಅವನ್ಗೆ ಟೈಮ್ ಎಲ್ ಅದೆ? ದಪ್ಪಕ್ಕೆ ಬರೀಬೇಕು. ಎರಡೂ ಒಂದೇ ಅಂದ್ರೆ ಇಬ್ಬುರ್ಗೂ ಮೋಸ."

ಲಾರಿಗಳನ್ನು ದಿನವೂ ನೋಡುತ್ತ ಬೆಳೆದವಳು ನಾನು. ಎರಡು ಬದಿ ಬೇರೆ ಬೇರೆ ಎಂದು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಈಗ ಹೆದ್ದಾರಿಯಲ್ಲಿ ಹೋಗುವಾಗ ಬೇರೇನನ್ನೂ ಗಮನಿಸುವುದಿಲ್ಲ.

ಒಂದು ದಿನ ಬಣ್ಣ ಹಾಕಿದ ಕಾರನ್ನು ಓಡಿಸಿ ತೋರಿಸು ಎಂದರು. ನಾನು ಕೂತೆ. ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿದೆ. ಚಾಚಾ ಸೀಟಿನಿಂದ ಎದ್ದೇಬಿಟ್ಟರು. ಕನ್ನಡಕ ಮೇಲೇರಿಸಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಹೂಬಳ್ಳಿಗೆ ಏನೂ ಆಗಿರಲಿಲ್ಲ.

"ಗೀರೂ ಬೀಳಲ್ವಾ?"

"ಇಲ್ಲ ಚಾಚಾ. ಏನ್ ಗುದ್ದಿದ್ರೂ ಹೊಸ್ದೇ."

"ಅಂಗಾದ್ರೆ ಈ ಊರಲ್ಲಿ ಪೇಂಟರ್ ಹೊಟ್ಟೆಗೆ ಏನ್ ತಿಂತಾನೆ?"

ಮಗಳು ಬಿದ್ದು ಬಿದ್ದು ನಕ್ಕಳು. ನಿಜವಾದ ಕಾರು ತಯಾರಿಸುವವರು ತಮ್ಮ ಕಾರು ಆಟದಲ್ಲಿ ನಜ್ಜಾಗಿ ಕಾಣುವುದಕ್ಕೆ ಒಪ್ಪುತ್ತಿರಲಿಲ್ಲವಂತೆ, ಆ ಕಾರಣಕ್ಕೇ ಅಂಥ ಆಟಗಳಲ್ಲಿ ಗೀರು ಇರುತ್ತಿರಲಿಲ್ಲವಂತೆ. ಇದು ನನಗೆ ಬಹಳ ವರ್ಷದ ಮೇಲೆ ಯಾರೋ ಹೇಳಿದ್ದು. ಅವತ್ತು ಗೊತ್ತಿದ್ದರೂ ಚಾಚಾಗೆ ಸಮಾಧಾನವಾಗುತ್ತಿರಲಿಲ್ಲ.

ನಾನು ಓಡಿಸುತ್ತಲೇ ಇದ್ದೆ. ಅವರು ಹಿಂದೆ ನಿಂತು ನೋಡುತ್ತಲೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಭುಜ ತಟ್ಟಿದರು.

"ನೀನು ಈಗ ಗಾಡಿ ಯಾವ ಕಡೆ ನೋಡ್ತಾ ಇದ್ದೀ?"

ಯೋಚಿಸಿದೆ. ಆ ಆಟದಲ್ಲಿ ಆಡುವವರ ಕಣ್ಣು ಕಾರಿನ ಹಿಂದೆ, ಸ್ವಲ್ಪ ಮೇಲೆ ಇರುತ್ತದೆ. ರೇಸು ಶುರುವಾದಾಗಿನಿಂದ ಮುಗಿಯುವ ತನಕ ನಾವು ನೋಡುವುದು ಕಾರಿನ ಬೆನ್ನನ್ನೇ.

"ಹಿಂದ್ಗಡೆ ಚಾಚಾ."

"ಇಡೀ ದಾರಿ ಇಂದ್ಗಡೇನೇ ನೋಡ್ಕಂಡ್ ಓಗದು. ಮತ್ತೆ ಇಂದ್ಗಡೆ ಬಣ್ಣ ಹಾಕಕ್ಕೆ ಜಾಗ ಎಲ್ ಕೊಟ್ಟವ್ನೆ?"

ಹುಡುಕಿದೆವು. ಬಾಗಿಲಿಗೆ ಇತ್ತು, ಬಾನೆಟ್ಟಿಗೆ ಇತ್ತು, ಚಾವಣಿಗೆ ಕೂಡ ಇತ್ತು. ಹಿಂಭಾಗಕ್ಕೆ ಇರಲಿಲ್ಲ. ಅಲ್ಲಿ ಕಾರಿನ ಮೂಲ ಬಣ್ಣ, ನಂಬರ್ ಪ್ಲೇಟು, ಅಷ್ಟೇ. ಅದನ್ನು ಮಾಡುವಾಗ ಯಾರೋ ಒಂದಷ್ಟು ಜನ ಕೂತು ಇದು ಮೊದಲು, ಅದು ಆಮೇಲೆ, ಇದು ಬೇಡವೇ ಬೇಡ ಎಂದು ತೀರ್ಮಾನಿಸಿರಬೇಕು. ಒದ್ದೆ ರಸ್ತೆಯಲ್ಲಿ ದೀಪದ ಬಿಂಬ ಬೀಳುವ ಹಾಗೆ ಮಾಡಲು ಒಬ್ಬ ತಿಂಗಳುಗಟ್ಟಲೆ ದುಡಿದಿರಬೇಕು. ಚಕ್ರದ ಬಿಲ್ಲೆಗಳನ್ನು ಒಂದೊಂದಾಗಿ ಕೆತ್ತಲು ಇನ್ನೊಬ್ಬ. ಬೆನ್ನಿನ ಸರದಿ ಬರುವಷ್ಟರಲ್ಲಿ ಸಮಯ ಮುಗಿದಿತ್ತೋ, ಯಾರಿಗೂ ಹೊಳೆಯಲೇ ಇಲ್ಲವೋ.

"ಇದ ಮಾಡ್ದೋನು ಒಂದಿನಾನೂ ಲಾರಿ ಇಂದೆ ಘಾಟ್ ಹತ್ತಿಲ್ಲ," ಎಂದರು ಚಾಚಾ. ಆಮೇಲೆ ಕೂತರು. ಸ್ವಲ್ಪ ಕೆಮ್ಮಿದರು. ಮಗಳನ್ನು ನೋಡಿ, ಮನೆಯಲ್ಲಿ ಆಡುವ ಉರ್ದುವಿನಲ್ಲಲ್ಲ, ನನಗೂ ತಿಳಿಯಲಿ ಅನ್ನುವಂತೆ ಕನ್ನಡದಲ್ಲೇ ಹೇಳಿದರು: "ಇವ್ರು ಇಂದ್ಗಡೆ ಕೊಟ್ಬುಟ್ರೆ ನಾನ್ ಶೆಡ್ಡಿಗೆ ಓಗಲ್ಲ. ಇಲ್ಲೇ ಕೂತ್ಕತೀನಿ. ಖುದಾ ಸಾಕ್ಷಿ."

ಗೆಳತಿ ನನ್ನ ಮುಖ ನೋಡಿದಳು. ತಮಾಷೆಗೆ ಹೇಳಿದರೋ, ನಿಜಕ್ಕೆ ಹೇಳಿದರೋ, ಅವಳು ಅದನ್ನು ನಿಜಕ್ಕೇ ಹಿಡಿದುಕೊಂಡಳು. ಆಟ ಮಾಡಿದವರ ವೆಬ್‌ಸೈಟಿನಲ್ಲಿ ಸಲಹೆ ಬರೆಯುವ ಜಾಗವೊಂದಿತ್ತು. ಅದು ತೆರೆಯುವಷ್ಟರಲ್ಲಿ ಇನ್ನೊಂದು ಟೀ ಆಯಿತು. ಚಾಚಾ, ಲಾರಿ ಮಾಲೀಕ ಬಾಡಿ ಕಟ್ಟುವ ಮೇಸ್ತ್ರಿಗೆ ಪಟ್ಟಿ ಹೇಳುವ ಧಾಟಿಯಲ್ಲಿ, ಹೇಳತೊಡಗಿದರು.

"ಮೊದಲ್ನೇದು ಇಂದ್ಗಡೆ. ಎರಡ್ನೇದು ಎಡ ಬಲ ಬೇರೆ ಬೇರೆ. ಮೂರ್ನೇದು ಗೀರು ಬೀಳ್ಬೇಕು. ನಾಕ್ನೇದು ಲಾರಿ ಕೊಡ್ಬೇಕು."

"ಅಬ್ಬಾ, ನಾಕು ಕೇಳಿದ್ರೆ ಒಂದೂ ಕೊಡಲ್ಲ. ಒಂದು ಕೇಳಿ."

ಅವರು ಯೋಚಿಸಿದರು. ಲಾರಿಯನ್ನು ಬಿಟ್ಟುಕೊಟ್ಟರು. ಗೀರನ್ನು ಬಿಟ್ಟುಕೊಟ್ಟರು. ಎಡ ಬಲದ ಹತ್ತಿರ ಬಹಳ ಹೊತ್ತು ನಿಂತರು. "ಆಯ್ತು, ಇಂದ್ಗಡೆ ಒಂದೇ ಬರಿ. ಆದ್ರೆ ಕಾರಣ ಬರಿ. ಇಂದೆ ಬರೋನು ಗಂಟೆಗಟ್ಲೆ ಅದನ್ನೇ ನೋಡ್ತಾ ಬರ್ತಾನೆ, ಅವನ್ಗೆ ಬೇಜಾರಾಗ್ಬಾರ್ದು, ನಿದ್ದೆ ಬರ್ಬಾರ್ದು, ಅದ್ಕೇ ಅಂತ ಬರಿ." ಗೆಳತಿ ಇಂಗ್ಲಿಷಿನಲ್ಲಿ ಬರೆದಳು. ನಾನು ಸ್ಪೆಲ್ಲಿಂಗ್ ನೋಡಿದೆ. ಕೆಳಗೆ ಹುದ್ದೆ ಕೇಳುವ ಜಾಗದಲ್ಲಿ ಪೇಂಟರ್ ಎಂದು ಹಾಕಿದೆವು.

ಮರುದಿನ ಬೆಳಿಗ್ಗೆ ಇ-ಮೇಲಿನಲ್ಲಿ ಉತ್ತರ ಬಂದಿತ್ತು. ನಾವಿಬ್ಬರೂ ಒಟ್ಟಿಗೆ ಓದಿದೆವು. ನಿಮ್ಮ ಸಲಹೆಗೆ ಧನ್ಯವಾದ, ಬರುವ ಪತ್ರಗಳು ಬಹಳವಾದ್ದರಿಂದ ಒಬ್ಬೊಬ್ಬರಿಗೂ ಉತ್ತರಿಸಲಾಗದು, ಈ ಪತ್ರಕ್ಕೆ ಮರುಪತ್ರ ಬರೆಯಬೇಡಿ. ಯಂತ್ರ ತಾನಾಗಿ ಕಳಿಸಿದ್ದು. ಗೆಳತಿ ಅದನ್ನು ಎರಡು ಸಲ ಓದಿದಳು, ಮುಚ್ಚಿದಳು. ಭಾನುವಾರ ಚಾಚಾ ಕೇಳಿದಾಗ, ನನ್ನ ಕಡೆ ತಿರುಗಿಯೂ ನೋಡದೆ ಹೇಳಿದಳು: "ಬರೆದವ್ರೆ ಅಬ್ಬಾ. ಈ ಆಟದಲ್ಲಿ ಆಗಲ್ಲ, ಮುಂದಿನ ಆಟದಲ್ಲಿ ಹಿಂದ್ಗಡೆ ಕೊಡ್ತಾರಂತೆ."

"ಬರ್ದವ್ರಾ? ನಂಗಾ?"

"ನಿಮ್ಗೇ."

ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದೂ ಆ ಮಾತಿನಲ್ಲಿ ಪಾಲೇ.

ಅದಾದ ಮೇಲೆ ಅವರು ಶೆಡ್ಡಿಗೆ ಹೋಗಲಿಲ್ಲ. ಎಷ್ಟು ತಿಂಗಳು ಎಂಬುದರಲ್ಲಿ ನಮಗೆ ಒಮ್ಮತವಿಲ್ಲ. ಅವಳು ಏಳು ಅನ್ನುತ್ತಾಳೆ, ನನಗೆ ಒಂದು ಬೇಸಿಗೆ ಮತ್ತು ಅದರ ಹಿಂದು ಮುಂದು ಮಾತ್ರ ನೆನಪಿದೆ. ಕೆಮ್ಮು ಕಡಿಮೆಯಾಯಿತು, ಇದಕ್ಕೆ ಇಬ್ಬರೂ ಒಪ್ಪುತ್ತೇವೆ. ಭಾನುವಾರ ಬರುವುದು, ಹಳೆಯ ಕಾರಿನ ಬಾಗಿಲನ್ನು ತೊಡೆದು ಹೊಸದಾಗಿ ಬರೆಯುವುದು. ಮನೆಯಲ್ಲಿ ನೋಟ್‌ಬುಕ್ಕಿನ ಹಾಳೆಯ ಮೇಲೆ ಕಾರಿನ ಬೆನ್ನು ಬರೆದು, ಅದರೊಳಗೆ ಎರಡು ಬೆಟ್ಟ ಕೂರಿಸಲು ಅಳತೆ ಮಾಡುತ್ತಿದ್ದರಂತೆ. ಲಾರಿಯ ಹಲಗೆ ಅಗಲ, ಕಾರಿನ ಬೆನ್ನು ಗಿಡ್ಡ. ಬೆಟ್ಟಗಳನ್ನು ತಗ್ಗಿಸಿದರೆ ದಿಬ್ಬವಾಗುತ್ತದೆ, ದೂರ ಇಟ್ಟರೆ ರಸ್ತೆಗೆ ಅರ್ಥವಿಲ್ಲ. "ಬಂದ್ರಾ?" ಎಂದು ನನ್ನನ್ನು ಕೇಳುತ್ತಿದ್ದರು, ಆಟ ಮಾಡಿದವರು ಮೈಸೂರಿನ ಬಸ್ಸಿನಲ್ಲಿ ಬರುವ ನೆಂಟರೇನೋ ಎಂಬಂತೆ. "ಇನ್ನೂ ಇಲ್ಲ ಚಾಚಾ, ಕೆಲ್ಸ ನಡೀತಾ ಅದೆ." "ನಡೀಲಿ ನಡೀಲಿ. ಅರ್ಜೆಂಟ್ ಮಾಡ್ಸುದ್ರೆ ಕೆಲ್ಸ ಕೆಡ್ತದೆ."

ಆಟದ ಹೊಸ ಆವೃತ್ತಿ ನಿಜಕ್ಕೂ ಬಂತು. ಅಂಥವು ವರ್ಷಕ್ಕೊಂದು ಬರುತ್ತಿದ್ದವು. ಗೆಳತಿಯ ಮಾವನ ಮಗ ಮೈಸೂರಿನಿಂದ ಸೀಡಿ ತಂದುಕೊಟ್ಟ. ಆ ಭಾನುವಾರ ಚಾಚಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಜೇಬಿನಲ್ಲಿ ಮಡಿಸಿದ ಹಾಳೆ. ಸೀಡಿಯಲ್ಲಿದ್ದದ್ದು ಕಂಪ್ಯೂಟರಿಗೆ ಇಳಿಯಲು ಒಂದು ಗಂಟೆಯ ಹತ್ತಿರ ಹಿಡಿಯಿತು. ಮೂವರೂ ಆ ನೀಲಿ ಪಟ್ಟಿ ಬೆಳೆಯುವುದನ್ನು ನೋಡುತ್ತ ಕೂತಿದ್ದೆವು. ತುಂಬಿತು. ಗೆಳತಿ ಆಟದ ಪುಟ್ಟ ಚಿತ್ರದ ಮೇಲೆ ಎರಡು ಸಲ ಒತ್ತಿದಳು. ಪರದೆ ಕಪ್ಪಾಯಿತು. ಆಮೇಲೆ ಒಂದು ಸಣ್ಣ ಚೌಕ ಬಂತು: ಈ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ ಈ ಆಟ ನಡೆಸುವ ಶಕ್ತಿ ಇಲ್ಲ.

ಮತ್ತೆ ಒತ್ತಿದಳು. ಮತ್ತೆ ಅದೇ ಚೌಕ. ಆರಿಸಿ ಹಚ್ಚಿದೆವು. ಅದೇ. ವೈರು ಸಡಿಲವಿರಬಹುದು ಎಂದು, ಇರಲಾರದು ಎಂದು ಗೊತ್ತಿದ್ದೂ, ನಾನು ಮೇಜಿನ ಕೆಳಗೆ ತೂರಿದೆ. ಮುಂದಿನದು ಮೇಜಿನ ಕೆಳಗಿನಿಂದ ಕೇಳಿದ್ದು.

"ಅಂಗಾದ್ರೆ ಅವ್ರು ಇಂದ್ಗಡೆ ಕೊಟ್ಟವ್ರೋ ಇಲ್ವೋ ಗೊತ್ತಾಗಲ್ಲ," ಎಂದರು ಚಾಚಾ.

"ಕೊಟ್ಟಿರ್ತಾರೆ ಅಬ್ಬಾ. ಕೊಡ್ತೀವಿ ಅಂದಿದ್ರಲ್ಲ."

ಚಾಚಾ ಆಗ ಮಗಳ ಮುಖವನ್ನು ದಿಟ್ಟಿಸಿ ನೋಡಿದರು ಎಂದು ಬರೆಯಲು ಕೈ ಓಡುತ್ತದೆ. ನಾನು ಅದನ್ನು ನೋಡಿಲ್ಲ. ನಾನು ನೋಡಿದ್ದು ಅವಳ ಎರಡು ಕಾಲು, ಅವರ ಎರಡು ಕಾಲು, ಧೂಳು ಹಿಡಿದ ವೈರುಗಳು. ಅವರ ಬಲಗಾಲಿನ ಹೆಬ್ಬೆರಳು ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು. ಹಾಳೆ ಬಿಚ್ಚಿದ ಸದ್ದು, ಮತ್ತೆ ಮಡಿಸಿದ ಸದ್ದು.

"ಕೊಟ್ಟಿದ್ರೆ ಒಳ್ಳೇದೇ," ಎಂದರು. "ಬೇರೆ ಯಾರಾದ್ರೂ ಬರ್ಕಳ್ಲಿ. ನಾನು ನನ್ ಹಲಗೆಗೆ ಓಯ್ತೀನಿ."

ಅವತ್ತು ಗುಂಡ್ಲುಪೇಟೆಯ ಬಸ್ಸಿನಲ್ಲಿ ಅಪ್ಪ ಮಗಳಿಗೆ ಜಗಳವಾಯಿತಂತೆ. ಬೇಗೂರಿನವರೊಬ್ಬರು ಹಿಂದಿನ ಸೀಟಿನಿಂದ, ಯಾಕಮ್ಮ ವಯಸ್ಸಾದವ್ರ ಮೇಲೆ ಹಂಗ್ ಕೂಗಾಡ್ತೀ ಎಂದು ಗದರಿದರಂತೆ. ಇಳಿಯುವಷ್ಟರಲ್ಲಿ ಒಪ್ಪಂದವಾಗಿತ್ತು. ಸ್ಪ್ರೇ ಇಲ್ಲ. ಶೆಡ್ಡಿನ ಒಳಗಿಲ್ಲ. ಹಲಗೆಗಳನ್ನು ಬಿಚ್ಚಿ ಹೊರಗೆ ಬೇವಿನ ಮರದ ಕೆಳಗೆ ತಂದು ಒರಗಿಸುತ್ತಾರೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುಂಚದಲ್ಲಿ ಎಷ್ಟಾಗುತ್ತದೋ ಅಷ್ಟು. ಅಕ್ಷರ, ಬದಿ, ಮೂತಿ ಎಲ್ಲ ಬೇರೆಯವರದು, ಬೆನ್ನು ಮಾತ್ರ ಇವರದು. ನಾನು ಶೆಡ್ಡಿಗೆ ಹೋದ ಆ ಒಂದು ಸಲ ಅವರು ಹಾಗೇ ಬಯಲಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ಕಂಡವರೇ ಬಟ್ಟೆ ಇಳಿಸಿ, "ಬಾ ಓನರಮ್ಮ," ಎಂದು ನಕ್ಕರು. ಕೆಮ್ಮಲಿಲ್ಲ. ಅಥವಾ ನಾನಿದ್ದಷ್ಟು ಹೊತ್ತು ಕೆಮ್ಮಲಿಲ್ಲ.

ಹಾಗೆ ಅವರು ಇನ್ನೂ ಕೆಲವು ವರ್ಷ ಕೆಲಸ ಮಾಡಿದರು. ಗೆಳತಿಗೆ ಈಗಲೂ ಒಂದು ಲೆಕ್ಕ ಹರಿಯುವುದಿಲ್ಲ. ಆ ಸುಳ್ಳು ಅಪ್ಪನಿಗೆ ಒಂದಷ್ಟು ತಿಂಗಳು ಒಳ್ಳೆಯ ಗಾಳಿ ಕೊಟ್ಟಿತೋ, ಇಲ್ಲ ಆಸೆ ಹುಟ್ಟಿಸಿ ಮತ್ತೆ ಕುಂಚ ಹಿಡಿಸಿತೋ. "ನೀನೇ ಹೇಳೇ," ಅನ್ನುತ್ತಾಳೆ. ನಾನು ಏನು ಹೇಳಲಿ? ಆ ಹೊಸ ಆಟದಲ್ಲಿ ಕಾರಿನ ಹಿಂಭಾಗಕ್ಕೆ ಬಣ್ಣ ಹಾಕಲು ಬರುತ್ತಿತ್ತೇ ಎಂದು ಈಗ ಫೋನಿನಲ್ಲಿ ಹುಡುಕಿದರೆ ಎರಡು ನಿಮಿಷದ ಕೆಲಸ. ನಾನು ಹುಡುಕಿಲ್ಲ, ಅವಳೂ ಹುಡುಕಿಲ್ಲ. ಹುಡುಕಿದರೂ ತಿಳಿಯುವುದು ಆಟದ ವಿಷಯ. ಯಾರೂ ತಮಗೆ ಪತ್ರ ಬರೆದಿರಲಿಲ್ಲ ಎಂದು ಚಾಚಾಗೆ ಮೊದಲಿನಿಂದಲೂ ಗೊತ್ತಿತ್ತೇ, ಗೊತ್ತಿದ್ದೇ ಮಗಳಿಗಾಗಿ ಅಷ್ಟು ಭಾನುವಾರ ಬಂದು ಕೂತರೇ, ಅಥವಾ ನಿಜಕ್ಕೂ ಕಾದರೇ? ನಾವು ಕೇಳಲಿಲ್ಲ, ಅವರು ಹೇಳಲಿಲ್ಲ, ಈಗ ಕೇಳೋಣವೆಂದರೆ ಅವರಿಲ್ಲ. ನನಗೆ ಗೊತ್ತಿಲ್ಲ.